ಮೊದಲು ಲೈನ್ ನೋಡಿ, ಆಮೇಲೆ ಫೋನ್

ಕೇಳುಗರಿಗೆಲ್ಲ ನಮಸ್ಕಾರ. ಅಂಗಡಿ ಬಾಗಿಲು ತೆಗೆದು, ಊದುಬತ್ತಿ ಹಚ್ಚಿ, ಗಲ್ಲಾದ ಮುಂದೆ ಕೂತು ರೇಡಿಯೋ ಹಾಕಿಕೊಂಡಿರುವವರು ಬಹಳ ಜನ ಇದ್ದೀರಿ ಅಂತ ನನಗೆ ಗೊತ್ತು. ಮಂಡಿಪೇಟೆಯವರು, ಅಂತರಸನಹಳ್ಳಿ ಮಾರುಕಟ್ಟೆಯವರು, ಬಿ.ಎಚ್. ರಸ್ತೆಯ ನರ್ಸಿಂಗ್ ಹೋಮ್‌ಗಳವರು, ವಸಂತನರಸಾಪುರದ ಕಾರ್ಖಾನೆಗಳ ಕಚೇರಿಯಲ್ಲಿರುವವರು. ಇವತ್ತಿನ ಮಾತು ನಿಮ್ಮ ಜೊತೆಗೇ.

ತುಮಕೂರು ಜಿಲ್ಲೆಯಲ್ಲಿ ಮೂವತ್ತು ವರ್ಷದಿಂದ ಟೆಲಿಫೋನ್ ಕೆಲಸ ಮಾಡಿಕೊಂಡು ಬಂದಿದ್ದೇನೆ. ಈಗ ಎಲ್ಲಿ ಹೋದರೂ ಒಂದೇ ಪ್ರಶ್ನೆ. "ಸಾರ್, ಹಳೇ ಲ್ಯಾಂಡ್‌ಲೈನ್ ತೆಗೆಸಿ ಇಂಟರ್ನೆಟ್ ಫೋನ್ ಹಾಕಿಸಲಾ? ತಿಂಗಳಿಗೆ ಎಷ್ಟು ಉಳಿಯುತ್ತೆ?" ಎಷ್ಟು ಉಳಿಯುತ್ತೆ ಅನ್ನೋದು ಕೊನೆಯ ಪ್ರಶ್ನೆ ಸ್ವಾಮಿ. ಮೊದಲನೇ ಪ್ರಶ್ನೆ ಬೇರೆ. ನಿಮ್ಮ ಅಂಗಡಿಗೆ ಬಂದಿರುವ ಇಂಟರ್ನೆಟ್ ಲೈನ್, ನಿಮ್ಮ ವ್ಯಾಪಾರ ಜೋರಾಗಿರುವ ಹೊತ್ತಿನಲ್ಲಿ, ನಿಮ್ಮ ಮಾತನ್ನು ಹೊರುತ್ತದೆಯೋ ಇಲ್ಲವೋ? ಮೊದಲು ಲೈನ್ ನೋಡಿ, ಆಮೇಲೆ ಫೋನ್.

ಇಂಟರ್ನೆಟ್ ಫೋನ್ ಅಂದರೆ ಏನು ಅಂತ ಹೇಳಿಬಿಡುತ್ತೇನೆ. ನೀವು ಮಾತಾಡಿದ್ದನ್ನು ಆ ಯಂತ್ರ ಸಣ್ಣ ಸಣ್ಣ ತುಂಡು ಮಾಡುತ್ತದೆ. ಒಂದು ಸೆಕೆಂಡಿಗೆ ಸಾಮಾನ್ಯವಾಗಿ 50 ತುಂಡು. ಪ್ರತಿ ತುಂಡಿಗೂ ವಿಳಾಸ ಬರೆದು ಇಂಟರ್ನೆಟ್ಟಿಗೆ ಬಿಡುತ್ತದೆ. ಆ ಕಡೆಯ ಯಂತ್ರ ಅವನ್ನು ಸಾಲಾಗಿ ಜೋಡಿಸಿ ಕಿವಿಗೆ ಕೇಳಿಸುತ್ತದೆ. ವಾಟ್ಸಾಪ್‌ನಲ್ಲಿ ಕಳಿಸಿದ ಫೋಟೋ ಎರಡು ನಿಮಿಷ ತಡವಾದರೂ ಪೂರ್ತಿ ಬರುತ್ತದೆ. ಮಾತು ಹಾಗಲ್ಲ. ತಡವಾಗಿ ಬಂದ ತುಂಡನ್ನು ಯಂತ್ರ ಎಸೆದುಬಿಡುತ್ತದೆ, ಆ ಜಾಗ ಖಾಲಿ. ಬಾಯಿಂದ ಹೊರಟ ಮಾತು 150 ಮಿಲಿಸೆಕೆಂಡ್ ಒಳಗೆ ಆ ಕಡೆಯ ಕಿವಿ ಮುಟ್ಟಬೇಕು ಅಂತ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ಹೇಳುತ್ತದೆ. ಒಂದು ಸೆಕೆಂಡಿನ ಆರರಲ್ಲಿ ಒಂದು ಭಾಗವೂ ಇಲ್ಲ.

ಈಗ ಒಂದು ಹುಣಸೆಹಣ್ಣಿನ ಕಥೆ ಹೇಳುತ್ತೇನೆ. ಕೆಲವು ವರ್ಷಗಳ ಹಿಂದಿನದು. ನಮ್ಮ ಮಾರುಕಟ್ಟೆಯ ಒಬ್ಬ ಹುಣಸೆ ವ್ಯಾಪಾರಿ, ಹೆಸರು ಬೇಡ, ನನ್ನನ್ನು ಕರೆಸಿದರು. ಮಂಡಿಯಲ್ಲಿ ಮೂರು ಲ್ಯಾಂಡ್‌ಲೈನ್. "ಮೂರೂ ತೆಗೆದು ಇಂಟರ್ನೆಟ್ ಫೋನ್ ಮಾಡಿಕೊಡಿ" ಅಂದರು. ಅವರ ಹತ್ತಿರ ಹಳೆಯ ತಾಮ್ರದ ತಂತಿಯ ಬ್ರಾಡ್‌ಬ್ಯಾಂಡ್ ಇತ್ತು. ನಾನು ಸಂಜೆ ಏಳು ಗಂಟೆಗೆ ಹೋದೆ. ಹಮಾಲರೆಲ್ಲ ಮನೆಗೆ ಹೋಗಿದ್ದರು, ಗುಮಾಸ್ತ ಕಂಪ್ಯೂಟರ್ ಮುಚ್ಚಿದ್ದ. ಒಂದು ಫೋನ್ ಜೋಡಿಸಿ ನನ್ನ ಮನೆಗೇ ಕರೆ ಮಾಡಿದೆ. ಗಂಟೆ ಬಾರಿಸಿದ ಹಾಗೆ ಸ್ಪಷ್ಟ. "ಆಗುತ್ತೆ ಯಜಮಾನರೇ" ಅಂದೆ. ಆ ಮಾತು ಆಡಬಾರದಿತ್ತು. ಸಂಜೆ ಏಳಕ್ಕೆ ಮಾರುಕಟ್ಟೆ ಮಲಗಿರುತ್ತದೆ, ನಾನು ಅಳೆದದ್ದು ಮಲಗಿದ್ದ ಲೈನು.

ಮಾರ್ಚ್ ತಿಂಗಳು, ಹುಣಸೆ ಸುಗ್ಗಿ. ಬೆಳಗ್ಗೆ ಹನ್ನೊಂದು ಗಂಟೆ. ಯಜಮಾನರು ಹೊಸ ಇಂಟರ್ನೆಟ್ ಫೋನಿನಿಂದ ದಾವಣಗೆರೆಯ ಸಗಟು ವ್ಯಾಪಾರಿಗೆ ಕರೆ ಮಾಡಿ, "ನೂರ ನಲವತ್ತು ಚೀಲ ಇವತ್ತೇ ಲೋಡ್ ಮಾಡಿಸ್ತೀನಿ" ಅಂದರು. ಆ ಕಡೆಯಿಂದ "ಆಯ್ತು, ಕಳಿಸಿ" ಅಂತ ಉತ್ತರ ಬಂತು. ಲಾರಿ ಹೊರಟಿತು. ಮಾರನೇ ದಿನ ದಾವಣಗೆರೆಯಲ್ಲಿ ಲಾರಿ ಬಾಗಿಲು ತೆಗೆದವರು ದಂಗಾದರು. ಅವರಿಗೆ ಕೇಳಿಸಿದ್ದು "ನಲವತ್ತು ಚೀಲ". "ನೂರ" ಅನ್ನೋ ಒಂದೇ ಮಾತು ದಾರಿಯಲ್ಲಿ ಉದುರಿಹೋಗಿತ್ತು. ಹದಿನೈದೋ ಇಪ್ಪತ್ತೋ ತುಂಡು ಅಷ್ಟೇ. ನೂರು ಚೀಲ ಹುಣಸೆಹಣ್ಣು ಇಟ್ಟುಕೊಳ್ಳಲು ಅವರ ಗೋದಾಮಿನಲ್ಲಿ ಜಾಗ ಇಲ್ಲ. ನಮ್ಮ ಯಜಮಾನರೇ ಬಾಡಿಗೆ ಕೊಟ್ಟು ವಾಪಸ್ ತರಿಸಿದರು. ಇಪ್ಪತ್ತು ವರ್ಷದ ವ್ಯವಹಾರ ಇದ್ದವರ ನಡುವೆ "ನಾನು ಹೇಳಿದ್ದೆ", "ನೀವು ಹೇಳಲಿಲ್ಲ" ಅಂತ ಮಾತಿಗೆ ಮಾತು ಬೆಳೆಯಿತು.

ನನ್ನನ್ನು ಕರೆಸಿದಾಗ ಯಜಮಾನರು ಹೇಳಿದ್ದನ್ನು ಗಮನವಿಟ್ಟು ಕೇಳಿ. "ಫೋನ್ ಚೆನ್ನಾಗಿದೆಯಲ್ರೀ, ಅವರ ಮಾತು ನನಗೆ ಒಂದಕ್ಷರ ಬಿಡದೆ ಕೇಳಿಸುತ್ತೆ." ಹೌದು, ಕೇಳಿಸುತ್ತಿತ್ತು. ಇಂಟರ್ನೆಟ್ ಲೈನಿಗೆ ಎರಡು ದಾರಿ. ಹೊರಗಿನಿಂದ ನಿಮ್ಮ ಕಡೆ ಬರುವುದು ಡೌನ್‌ಲೋಡ್, ನಿಮ್ಮಿಂದ ಹೊರಗೆ ಹೋಗುವುದು ಅಪ್‌ಲೋಡ್. ಆ ಹಳೇ ತಂತಿಯಲ್ಲಿ ಬರುವ ದಾರಿ ಹೆದ್ದಾರಿಯಂತಿತ್ತು, ಹೋಗುವ ದಾರಿ ಕಾಲುದಾರಿ, ಅದರ ವೇಗ ಸೆಕೆಂಡಿಗೆ ಒಂದು ಮೆಗಾಬಿಟ್ ಕೂಡ ಇರಲಿಲ್ಲ. ಅದರ ಮೇಲೆ ನಾಲ್ಕು ಸಿಸಿಟಿವಿ ಕ್ಯಾಮೆರಾ! ಯಜಮಾನರ ಮಗ ಬೆಂಗಳೂರಿನಲ್ಲಿ ಕೂತು ಮೊಬೈಲಿನಲ್ಲಿ ಮಂಡಿ ನೋಡಲಿ ಅಂತ, ವ್ಯಾಪಾರದ ಹೊತ್ತಿನಲ್ಲಿ ಚಿತ್ರವೆಲ್ಲ ಅದೇ ಕಾಲುದಾರಿಯಲ್ಲಿ ಹೊರಗೆ ಹೋಗುತ್ತಿತ್ತು. ಚಿತ್ರ ಮುಂದೆ, ಮಾತು ಹಿಂದೆ. ತನ್ನ ಮಾತು ಮುರಿಯುತ್ತಿದೆ ಅಂತ ಮಾತಾಡುವವನಿಗೆ ಗೊತ್ತೇ ಆಗುವುದಿಲ್ಲ, ಅದೇ ಇದರ ಅಪಾಯ. ನಿಮ್ಮ ಗಿರಾಕಿಯನ್ನು ಕೇಳಿ, "ನನ್ನ ಮಾತು ಹೇಗೆ ಕೇಳಿಸುತ್ತೆ?" ಅಂತ. ನಿಮ್ಮ ಕಿವಿಯನ್ನು ನಂಬಬೇಡಿ.

ಸರಿಪಡಿಸಿದ್ದು ಹೀಗೆ. ಕ್ಯಾಮೆರಾ ಚಿತ್ರ ಮಂಡಿಯೊಳಗಿನ ರೆಕಾರ್ಡಿಂಗ್ ಪೆಟ್ಟಿಗೆಯಲ್ಲೇ ಉಳಿಯುವ ಹಾಗೆ ಮಾಡಿದೆ. ಇಂಟರ್ನೆಟ್ ಹಂಚುವ ಪೆಟ್ಟಿಗೆ, ಅಂದರೆ ರೂಟರ್‌ನಲ್ಲಿ ಮಾತಿಗೆ ಮೊದಲ ದಾರಿ ಕೊಟ್ಟೆ. ಹಬ್ಬದ ಹೊತ್ತಿಗೆ ಫೈಬರ್ ಬಂತು. ಇವತ್ತು ಅದೇ ಮಂಡಿಯಲ್ಲಿ ಆರು ಇಂಟರ್ನೆಟ್ ಫೋನ್ ಇವೆ, ಸುಗ್ಗಿಯಲ್ಲೂ ಒಂದು ಮಾತು ಬೀಳುವುದಿಲ್ಲ. ಹಾಗಾಗಿ ನಾನು ಇಂಟರ್ನೆಟ್ ಫೋನಿನ ವಿರೋಧಿ ಅಂತ ಯಾರೂ ತಿಳಿಯಬೇಡಿ. ನನಗೆ ಅದು ಬಹಳ ಇಷ್ಟದ ವಿದ್ಯೆ. ತುಮಕೂರಿನಲ್ಲಿ ಅಂಗಡಿ, ಶಿರಾದಲ್ಲಿ ಗೋದಾಮು, ತಿಪಟೂರಿನಲ್ಲಿ ಇನ್ನೊಂದು ಶಾಖೆ ಇದ್ದರೆ ಮೂರೂ ಕಡೆ ಒಂದೇ ಮನೆಯ ಫೋನಿನ ಹಾಗೆ ಮಾಡಬಹುದು. ಮೂರಂಕಿ ಒತ್ತಿದರೆ ಶಿರಾದ ಗುಮಾಸ್ತ ಸಿಗುತ್ತಾನೆ, ಅದಕ್ಕೆ ಕರೆಯ ದುಡ್ಡೂ ಇಲ್ಲ. ಆದರೆ ಮೊದಲು ಲೈನ್ ನೋಡಿ.

ಹೇಗೆ ನೋಡುವುದು? ಒಂದು ಕರೆಗೆ ಹೋಗುವ ದಾರಿಯಲ್ಲಿ 100 ಕಿಲೋಬಿಟ್, ಬರುವ ದಾರಿಯಲ್ಲಿ 100 ಕಿಲೋಬಿಟ್ ಅಂತ ಲೆಕ್ಕ ಇಟ್ಟುಕೊಳ್ಳಿ. ಏಕಕಾಲಕ್ಕೆ ಹತ್ತು ಜನ ಮಾತಾಡಿದರೆ ಒಂದು ಮೆಗಾಬಿಟ್. ಅಷ್ಟೇ. "ನಮ್ಮದು 100 ಮೆಗಾಬಿಟ್ ಪ್ಲಾನು ಸಾರ್" ಅಂತ ಹೇಳುವವರಿಗೆ ನನ್ನ ಉತ್ತರ: ಪ್ಲಾನ್ ಕಾಗದದ ಮೇಲಿದೆ, ನನಗೆ ಬೆಳಗ್ಗೆ ಹನ್ನೊಂದರ ಅಪ್‌ಲೋಡ್ ಹೇಳಿ. ಒಂದು ವಾರ, ದಿನಕ್ಕೆ ಮೂರು ಸಲ, ವ್ಯಾಪಾರ ಜೋರಿರುವಾಗ ಮೊಬೈಲನ್ನು ಅಂಗಡಿಯ ವೈ-ಫೈಗೆ ಸೇರಿಸಿ ಸ್ಪೀಡ್ ಟೆಸ್ಟ್ ಮಾಡಿ, ಅಪ್‌ಲೋಡ್ ಎಷ್ಟು ಅಂತ ಲೆಕ್ಕದ ಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆದಿಡಿ. ಒಂದು ಸಲ ಐವತ್ತು ಮೆಗಾಬಿಟ್, ಇನ್ನೊಂದು ಸಲ ಎರಡು ಅಂತ ಕುಣಿದಾಡುತ್ತಿದ್ದರೆ ಆ ಲೈನ್ ಬೇಡ. ಹತ್ತೇ ಇದ್ದರೂ ದಿನವಿಡೀ ಹತ್ತರಲ್ಲೇ ನಿಂತಿದ್ದರೆ ಅದು ಒಳ್ಳೆಯ ಲೈನ್. ಆಮೇಲೆ ಒಂದೇ ಒಂದು ಫೋನ್ ತರಿಸಿ ಹದಿನೈದು ದಿನ ಬಳಸಿ. ಅಲ್ಲಿಯವರೆಗೆ ಹಳೇ ಲೈನ್ ಕಟ್ ಮಾಡಿಸಬೇಡಿ. ಲೈನೇ ನೆಟ್ಟಗಿಲ್ಲದೆ ದುಬಾರಿ ಪರದೆಯ ಫೋನು ಕೊಂಡು ಮೇಜಿನ ಮೇಲೆ ಇಡುವುದು, ಹೊಟ್ಟೆಗೆ ಹಿಟ್ಟಿಲ್ಲದೆ ಜುಟ್ಟಿಗೆ ಮಲ್ಲಿಗೆ ಮುಡಿದ ಹಾಗೆ.

ಕರೆಂಟಿನ ವಿಷಯ ಹೇಳಲೇಬೇಕು. ಹಳೇ ತಾಮ್ರದ ಫೋನಿಗೆ ವಿದ್ಯುತ್ ಬರುತ್ತಿದ್ದದ್ದು ನಿಮ್ಮ ಅಂಗಡಿಯಿಂದಲ್ಲ, ಎಕ್ಸ್‌ಚೇಂಜಿನ 48 ವೋಲ್ಟ್ ಬ್ಯಾಟರಿಯಿಂದ. ಅದಕ್ಕೇ ಊರೆಲ್ಲ ಕತ್ತಲಾದರೂ ಫೋನ್ ರಿಂಗ್ ಆಗುತ್ತಿತ್ತು. ಇಂಟರ್ನೆಟ್ ಫೋನಿನಲ್ಲಿ ಫೈಬರ್ ಪೆಟ್ಟಿಗೆ, ರೂಟರ್, ಫೋನು ಮೂರಕ್ಕೂ ನಿಮ್ಮ ಕರೆಂಟೇ ಬೇಕು. ಮೂರನ್ನೂ ಯುಪಿಎಸ್‌ಗೆ ಸೇರಿಸಿ. ಕಂಪ್ಯೂಟರಿಗೆ ಯುಪಿಎಸ್ ಕೊಟ್ಟು ರೂಟರ್ ಅನ್ನು ಗೋಡೆಯ ಪ್ಲಗ್ಗಿನಲ್ಲೇ ಬಿಟ್ಟವರನ್ನು ಎಷ್ಟೋ ಕಡೆ ನೋಡಿದ್ದೇನೆ. ರಸ್ತೆ ಅಗೆಯುವ ಜೆಸಿಬಿ ಫೈಬರ್ ಕಿತ್ತ ದಿನ ಕರೆಗಳೆಲ್ಲ ಮೊಬೈಲಿಗೆ ತಿರುಗುವ ವ್ಯವಸ್ಥೆಯನ್ನೂ ಮೊದಲೇ ಮಾಡಿಸಿಕೊಳ್ಳಿ. ನರ್ಸಿಂಗ್ ಹೋಮ್‌ನವರು ಇದನ್ನು ಮರೆಯಲೇಬಾರದು.

ಹೊತ್ತು ಮೀರುತ್ತಿದೆ, ಉಳಿದದ್ದನ್ನು ಬೇಗ ಹೇಳುತ್ತೇನೆ. ಪರವಾನಗಿ ಇರುವ ಕಂಪನಿಯಿಂದಲೇ ಸೇವೆ ತೆಗೆದುಕೊಳ್ಳಿ. ಸಿಮ್ ಬಾಕ್ಸ್, ಅಂದರೆ ಹತ್ತಾರು ಸಿಮ್ ಹಾಕಿ ಕರೆಗಳನ್ನು ಕದ್ದು ತಿರುಗಿಸುವ ಪೆಟ್ಟಿಗೆ ಇಟ್ಟು ಅಗ್ಗದ ಕರೆ ಕೊಡುತ್ತೇವೆ ಅನ್ನುವವರ ಸಹವಾಸ ಬೇಡ, ಅದು ಅಪರಾಧ. ಯಂತ್ರದ ಜೊತೆ ಬಂದ ಪಾಸ್‌ವರ್ಡ್ ಅನ್ನು ಅವತ್ತೇ ಬದಲಾಯಿಸಿ, ಇಲ್ಲದಿದ್ದರೆ ರಾತ್ರಿ ಯಾರೋ ಕಳ್ಳರು ನಿಮ್ಮ ಲೆಕ್ಕದಲ್ಲಿ ವಿದೇಶಕ್ಕೆ ಮಾತಾಡುತ್ತಾರೆ. ಹೊರದೇಶದ ಕರೆ ಬೇಡದಿದ್ದರೆ ಮುಚ್ಚಿಸಿಬಿಡಿ. ಒಬ್ಬರೇ ಕೂರುವ ಅಂಗಡಿ, ಒಂದು ಮೊಬೈಲಿನಲ್ಲೇ ಕೆಲಸ ನಡೆಯುತ್ತಿದೆ ಅನ್ನುವವರಿಗೆ ಇದು ಯಾವುದೂ ಬೇಕಾಗಿಲ್ಲ.

ಇನ್ನು ನಂಬರ್. 0816 ಅಂತ ಶುರುವಾಗುವ ನಿಮ್ಮ ಹಳೇ ನಂಬರ್ ಬೋರ್ಡಿನ ಮೇಲಿದೆ, ಬಿಲ್ ಪುಸ್ತಕದ ಮೇಲಿದೆ, ಹಳ್ಳಿಯ ರೈತರಿಗೆ ಬಾಯಿಪಾಠ ಆಗಿದೆ. ಮೊಬೈಲ್ ನಂಬರನ್ನು ಒಂದು ಕಂಪನಿಯಿಂದ ಇನ್ನೊಂದಕ್ಕೆ ಒಯ್ಯುವ ಹಾಗೆ ಲ್ಯಾಂಡ್‌ಲೈನ್ ನಂಬರ್ ಒಯ್ಯಲು ನಮ್ಮ ದೇಶದಲ್ಲಿ ಬರುವುದಿಲ್ಲ. ಈಗಿರುವ ಕಂಪನಿಯಲ್ಲೇ ಫೈಬರ್‌ಗೆ ಬದಲಾದರೆ ಅದೇ ನಂಬರ್ ಉಳಿಯುತ್ತದೆಯೇ ಅಂತ ಕೇಳಿ, ಬರೆಸಿಕೊಂಡು ಬನ್ನಿ.

ನಿಮ್ಮ ಪ್ರಶ್ನೆಗಳನ್ನು ನಿಲಯದ ವಿಳಾಸಕ್ಕೆ ಬರೆದು ಕಳಿಸಿ, ನಾನೇ ಓದಿ ಉತ್ತರಿಸುತ್ತೇನೆ. ಬರೆಯುವಾಗ ಬಿಲ್ಲಿನ ಮೊತ್ತ ಬೇಡ. ಏಳು ದಿನದ ಅಪ್‌ಲೋಡ್ ಬರೆಯಿರಿ, ಬೆಳಗ್ಗೆ ಹನ್ನೊಂದು ಗಂಟೆಯದು. ನಮಸ್ಕಾರ.