ಹಾಡು ಓಡಿಸಿದ್ರೆ ‘ಕ್ಯಾಬರೆ’ಯಲ್ಲಿ ಉಳಿಯೋದೇನು?

ನಮಸ್ಕಾರ. ಹಿಂದಿನ ಎಪಿಸೋಡ್ ಕೆಳಗೆ ಒಂದು ಕಮೆಂಟ್: “ಕ್ಯಾಬರೆ ನೋಡಿದೆ, ಹಾಡೆಲ್ಲ ಫಾರ್ವರ್ಡ್ ಮಾಡಿದೆ, ಕಥೆ ಏನೂ ಮಿಸ್ ಆಗ್ಲಿಲ್ಲ.” ಅದಕ್ಕೆ ಲೈಕು ಬೇರೆ!

ಸ್ವಾಮಿ, ಕಥೆ ಇರೋದೇ ಹಾಡಲ್ಲಿ.

ಬಾಬ್ ಫಾಸಿ ನಿರ್ದೇಶನ, 1972. ನಡೆಯೋದು 1931ರ ಬರ್ಲಿನ್‌ನಲ್ಲಿ. ಅದರ ಹಿಂದಿನ ವರ್ಷವಷ್ಟೇ ಜರ್ಮನ್ ಸಂಸತ್ತಿನ ಚುನಾವಣೆಯಲ್ಲಿ ನಾಜಿಗಳು 12 ಸೀಟಿಂದ 107ಕ್ಕೆ ಜಿಗಿದಿದ್ರು. ಸಿನಿಮಾದಲ್ಲಿ ಈ ಲೆಕ್ಕ ಯಾರೂ ಒಪ್ಪಿಸಲ್ಲ. ಕಥೆಯಲ್ಲಿ ಬರೋ ಹಾಡು-ಕುಣಿತದ ನೈಟ್‌ಕ್ಲಬ್ ಕಿಟ್ ಕ್ಯಾಟ್, ಅದರ ಸ್ಟೇಜೇ ಎಲ್ಲಾ ಹೇಳುತ್ತೆ. ಮ್ಯಾನೇಜರ್ ಒಬ್ಬ ನಾಜಿಯನ್ನ ಕ್ಲಬ್ಬಿಂದ ಆಚೆ ದಬ್ಬಿರ್ತಾನೆ. ಆಮೇಲೆ ಸ್ಟೇಜ್ ಮೇಲೆ ಚರ್ಮದ ಚಡ್ಡಿ ಹಾಕ್ಕೊಂಡು ಚಟಪಟ ಬಾರಿಸಿಕೊಳ್ಳೋ ಕುಣಿತ, ಹೊರಗೆ ಕತ್ತಲಲ್ಲಿ ಅದೇ ಮ್ಯಾನೇಜರಿಗೆ ಒದೆ. ಇಲ್ಲೊಂದು ಏಟು, ಅಲ್ಲೊಂದು ಏಟು. ಎಡಿಟರ್ ಡೇವಿಡ್ ಬ್ರೆದರ್ಟನ್‌ಗೆ ಆಸ್ಕರ್ ಬಂದಿದ್ದು ಸುಮ್ನೆ ಅಲ್ಲ. ನೀವು ಫಾರ್ವರ್ಡ್ ಒತ್ತಿದ್ರೆ ಆ ಮನುಷ್ಯ ಒದೆ ತಿಂದಿದ್ದೇ ತಪ್ಪಿಹೋಗುತ್ತೆ!

“ಹಾಡು ಬಂದ್ರೆ ಕಥೆ ನಿಲ್ಲುತ್ತೆ” ಅಂತೀರಾ? ಹಾಡು ಶುರುವಾದ ತಕ್ಷಣ ಟೀ ಕುಡಿಯೋಕೆ ಏಳೋ ಅಭ್ಯಾಸವನ್ನ ಇಲ್ಲಿಗೆ ತರಬೇಡಿ.

ಇನ್ನು ಕೆಲವರು ಬಿಯರ್ ಗಾರ್ಡನ್ ಹಾಡೊಂದನ್ನೇ ಕತ್ತರಿಸಿ ರೀಲ್ಸ್ ಮಾಡ್ತಾರೆ. ಅದೂ ತಪ್ಪೇ. ಪಾತ್ರಗಳು ಹಾಡೋ ಹಾಡೆಲ್ಲ ಕ್ಲಬ್ ಒಳಗೆ. ಹೊರಗೆ ಹಾಡೋದು ಇದೊಂದೇ. ಒಳಗಿನವನ್ನ ಕೇಳದೆ ಹೋದ್ರೆ ಈ ಹೊರಗಿನದು ಯಾಕೆ ನಡುಗಿಸುತ್ತೆ ಅಂತ ಹೇಗೆ ಗೊತ್ತಾಗ್ಬೇಕು? ಬಿಸಿಲು, ಮರ, ಬಿಯರ್ ಮಗ್ಗು. ಹುಡುಗನ ಮುಖ, ಇಂಪಾದ ದನಿ. ಕ್ಯಾಮೆರಾ ಕೆಳಗಿಳಿಯುತ್ತೆ, ತೋಳಲ್ಲಿ ಸ್ವಸ್ತಿಕದ ಪಟ್ಟಿ. ಒಬ್ಬೊಬ್ಬರಾಗಿ ಎದ್ದು ದನಿಗೂಡಿಸ್ತಾರೆ. ಒಬ್ಬ ಮುದುಕ ಮಾತ್ರ ಏಳಲ್ಲ. ಆ ಮುದುಕನ್ನ ನೋಡಿ, ದಯವಿಟ್ಟು ನೋಡಿ. ಕಮ್ಯುನಿಸ್ಟರನ್ನ ಮುಗಿಸೋಕೆ ನಾಜಿಗಳು ಬೇಕು, ಆಮೇಲೆ ಅವರನ್ನ ಹಿಡಿತಕ್ಕೆ ತರ್ತೀವಿ ಅಂತಿದ್ದ ಸಿರಿವಂತ ಮ್ಯಾಕ್ಸ್‌ನ ಕಥಾನಾಯಕ ಬ್ರಯನ್ ಕೇಳ್ತಾನೆ, ಈಗಲೂ ಹಾಗೇ ಅನ್ಸುತ್ತಾ ಅಂತ. ಆ ಪ್ರಶ್ನೆಗೆ ಬಲ ಬರೋದು ಆಗಷ್ಟೇ ಕೇಳಿದ ಹಾಡಿಂದ.

“ಅದು ನಿಜವಾದ ನಾಜಿ ಹಾಡು” ಅಂತಾನೂ ಒಬ್ಬರು ಬರೆದಿದ್ದಾರೆ. ಅಲ್ಲ! ಜಾನ್ ಕ್ಯಾಂಡರ್, ಫ್ರೆಡ್ ಎಬ್ ಅನ್ನೋ ಇಬ್ಬರು ಯಹೂದಿಗಳು 1966ರ ರಂಗನಾಟಕಕ್ಕೆ ಕಟ್ಟಿದ್ದು.

ಕ್ಲಬ್ಬಿನ ನಿರೂಪಕ ಗೊರಿಲ್ಲಾನ ತನ್ನ ಪ್ರೇಯಸಿ ಅಂತ ಹಾಡೋ ಹಾಡು? ಕೊನೇ ಸಾಲಿನವರೆಗೂ ತಮಾಷೆ, ಕೊನೇ ಸಾಲಲ್ಲಿ ಯಹೂದಿ ದ್ವೇಷ ಬಾಯಿಬಿಡುತ್ತೆ. ಅರ್ಧಕ್ಕೆ ಓಡಿಸಿದೋರಿಗೆ ಅದು ಬರೀ ಗೊರಿಲ್ಲಾ ಕುಣಿತ. ಸಬ್‌ಟೈಟಲ್ ಹಾಡಿಗೂ ಬರ್ತಿದ್ಯಾ ಅಂತ ಮೊದಲೇ ನೋಡ್ಕೊಳ್ಳಿ, ಕೆಲವು ಫೈಲಲ್ಲಿ ಮಾತಿಗೆ ಮಾತ್ರ ಇರುತ್ತೆ.

ಓಡಿಸಬೇಡಿ. ಒಂದೂ ಓಡಿಸಬೇಡಿ! ಟೈಮ್ ಇಲ್ಲ ಅಂದ್ರೆ ಇವತ್ತು ಅರ್ಧ, ನಾಳೆ ಅರ್ಧ ನೋಡಿ. ಹಾಡು ಬೇಡವೇ ಬೇಡ ಅಂದ್ರೆ ಬೇರೆ ಸಿನಿಮಾ ನೋಡಿ, ಇದನ್ನ ಬಿಡಿ. ಚಾನೆಲ್ ಸಬ್‌ಸ್ಕ್ರೈಬ್ ಮಾಡಿ, ಮುಂದಿನ ವಾರ ಕ್ಲಬ್ಬಿನ ಗಾಯಕಿ ಸ್ಯಾಲಿ ಬೋಲ್ಸ್ ಪಾತ್ರದಲ್ಲಿ ಲೈಜಾ ಮಿನೆಲ್ಲಿ ಹಾಡೋದನ್ನ ಒಂದೊಂದಾಗಿ ತಗೊಳ್ತೀನಿ, ಪೂರ್ತಿಯಾಗಿ.