ಚುಕ್ಕಿ ಸೋಫಾ ಹಿಂದೆ ಹೋಗುತ್ತಿದ್ದದ್ದು ಯಾಕೆ?

ಈ ಮೂಲೆ ನೋಡಿ. ಸೋಫಾಗೂ ಗೋಡೆಗೂ ಮಧ್ಯೆ ಒಂದು ಗೇಣು ಜಾಗ. ಹೋದ ವರ್ಷ ಮಳೆಗಾಲದಲ್ಲಿ ನಮ್ಮ ನಾಯಿ ಚುಕ್ಕಿ ಉಚ್ಚೆ ಮಾಡುತ್ತಿದ್ದದ್ದು ಇಲ್ಲೇ. ಹಾಲ್‌ನಲ್ಲಿ ಯಾರೂ ಇಲ್ಲದಾಗ ಸದ್ದಿಲ್ಲದೆ ಬರುತ್ತಿದ್ದಳು, ಮುಗಿಸಿ ಹೋಗುತ್ತಿದ್ದಳು. ತಪ್ಪು ಅಂತ ಗೊತ್ತಿದ್ದೇ ಕದ್ದು ಮಾಡುತ್ತಾಳೆ ಅಂತ ನನಗೆ ವಿಪರೀತ ಸಿಟ್ಟು ಬರುತ್ತಿತ್ತು.

ಆಗ ಅವಳಿಗೆ ಮೂರು ತಿಂಗಳು. ನಮ್ಮ ಬೀದಿಯಲ್ಲೇ ಹುಟ್ಟಿದ ಮರಿ. ನೆಲದ ಮೇಲೆ ಒಂದ ಮಾಡಿದಾಗಲೆಲ್ಲ ನಾನು ಪೇಪರ್ ಸುತ್ತಿ ಒಂದು ಏಟು ಕೊಡುತ್ತಿದ್ದೆ, ಜೋರಾಗಿ ಗದರುತ್ತಿದ್ದೆ. ನಮ್ಮ ಮನೆಯಲ್ಲಿ ಎಲ್ಲ ನಾಯಿಗಳನ್ನೂ ಹಾಗೇ ಬೆಳೆಸಿದ್ದು.

ಅವಳು ಕಲಿತಳು. ಆದರೆ ಕಲಿತದ್ದು "ಮನೆಯೊಳಗೆ ಮಾಡಬಾರದು" ಅಂತ ಅಲ್ಲ, "ಇವಳ ಎದುರಿಗೆ ಮಾಡಬಾರದು" ಅಂತ. ಅದಕ್ಕೇ ಸೋಫಾ ಹಿಂದೆ. ಇನ್ನೂ ಬೇಜಾರಿನ ವಿಷಯ ಅಂದರೆ, ಹೊರಗೆ ಅರ್ಧ ಗಂಟೆ ಸುತ್ತಿಸಿದರೂ ಒಂದು ಹನಿ ಬಿಡುತ್ತಿರಲಿಲ್ಲ. ಚೈನ್‌ನ ಇನ್ನೊಂದು ತುದಿಯಲ್ಲಿ ನಾನೇ ಇರುತ್ತಿದ್ದೆನಲ್ಲ. ಮನೆಗೆ ಬಂದು, ನನ್ನ ಕಣ್ಣು ತಪ್ಪಿಸಿ, ಮತ್ತೆ ಅದೇ ಮೂಲೆ.

"ಆದರೆ ಬಯ್ದಾಗ ಮುಖ ತಗ್ಗಿಸುತ್ತಾಳಲ್ಲ, ತಪ್ಪು ಗೊತ್ತಿದೆ ತಾನೇ?" ಅಂತ ನಾನೂ ವಾದ ಮಾಡಿದ್ದೇನೆ. ನಾಯಿಗಳ ವರ್ತನೆ ಅಧ್ಯಯನ ಮಾಡುವ ಅಮೆರಿಕದ ವಿಜ್ಞಾನಿ ಅಲೆಕ್ಸಾಂಡ್ರಾ ಹೊರೊವಿಟ್ಜ್ 2009ರಲ್ಲಿ 14 ನಾಯಿಗಳ ಮೇಲೆ ಮಾಡಿದ ಪ್ರಯೋಗ ಓದಿದ ಮೇಲೆ ಆ ವಾದ ಬಿಟ್ಟೆ. ಒಂದು ತಿಂಡಿ ಇಟ್ಟು, ತಿನ್ನಬೇಡ ಅಂತ ಹೇಳಿ, ಮಾಲೀಕರನ್ನು ಹೊರಗೆ ಕಳಿಸುತ್ತಾರೆ. ವಾಪಸ್ ಬಂದಾಗ ಕೆಲವರಿಗೆ "ನಿಮ್ಮ ನಾಯಿ ತಿಂದುಬಿಟ್ಟಿತು" ಅಂತ ಸುಳ್ಳು ಹೇಳುತ್ತಾರೆ. ಪಾಪ, ತಿನ್ನದೇ ಇದ್ದ ನಾಯಿಯೂ ಬೈಸಿಕೊಂಡ ಕೂಡಲೇ ಅದೇ ತಪ್ಪಿತಸ್ಥ ಮುಖ ಮಾಡಿತು. ಆ ಮುಖ ಬರುವುದು ನಮ್ಮ ಸಿಟ್ಟು ನೋಡಿ. ಮಾಡಿದ ಕೆಲಸಕ್ಕೂ ಅದಕ್ಕೂ ಸಂಬಂಧ ಇಲ್ಲ.

ಈಗ ನೋಡಿ, ಇದು ಬೆಳಗ್ಗೆ ಐದೂವರೆ. ಅವಳು ಎದ್ದ ತಕ್ಷಣ ಈ ಹೊಂಗೆ ಮರದ ಕೆಳಗೆ. ನಾನು ಸುಮ್ನೆ ನಿಂತಿದ್ದೇನೆ, ಅವಳನ್ನು ದಿಟ್ಟಿಸುತ್ತಿಲ್ಲ. ಮೂಸಿದಳು, ಒಂದು ಸುತ್ತು ಹಾಕಿದಳು, ಕೂತಳು. ಮುಗಿಯಿತು... "ಜಾಣೆ!" ಅಂದೆ, ಬೇಯಿಸಿದ ಕೋಳಿ ಚೂರು ಬಾಯಿಗೆ ಹೋಯಿತು. ಎರಡು ಸೆಕೆಂಡ್ ಒಳಗೆ, ಅದೇ ಜಾಗದಲ್ಲಿ. ಮನೆಗೆ ಬಂದು ಕೊಟ್ಟರೆ, ಮನೆಗೆ ಬಂದಿದ್ದಕ್ಕೆ ಸಿಕ್ಕಿತು ಅಂದುಕೊಳ್ಳುತ್ತಾಳೆ. ಚೂರು ಕಡಲೆಬೀಜದಷ್ಟಿದ್ದರೆ ಸಾಕು. ಉಪ್ಪು, ಈರುಳ್ಳಿ ಹಾಕಬೇಡಿ. ದ್ರಾಕ್ಷಿ, ಚಾಕೊಲೇಟ್ ಅಂತೂ ನಾಯಿಗೆ ವಿಷ.

ಹೊಡೆಯುವುದು ಬಿಟ್ಟ ಮೇಲೆ, ಅವಳು ಎದ್ದಾಗ, ಊಟ ಆದ ಮೇಲೆ, ಆಟ ಆದ ಮೇಲೆ ಹೊರಗೆ ಕರೆದುಕೊಂಡು ಹೋಗುತ್ತಿದ್ದೆ. ಮೊದಲ ನಾಲ್ಕು ದಿನ ಏನೂ ಆಗಲಿಲ್ಲ. ಐದನೇ ದಿನ ನನ್ನ ಎದುರಿಗೇ ಮಾಡಿದಳು. ಅವತ್ತು ನನಗೆ ಅಳು ಬಂತು. ಸೋಫಾ ಹಿಂದಿನ ನೆಲಕ್ಕೆ ಎನ್ಜೈಮ್ ಕ್ಲೀನರ್, ಅಂದರೆ ಉಚ್ಚೆಯ ವಾಸನೆಯನ್ನೇ ಒಡೆದು ತೆಗೆಯುವ ದ್ರಾವಣ ಹಾಕಿದೆ. ಫಿನಾಯಿಲ್ ಹಾಕಿದರೆ ನಮ್ಮ ಮೂಗಿಗೆ ವಾಸನೆ ಹೋಗಬಹುದು, ಅವಳ ಮೂಗಿಗೆ ಅಷ್ಟು ಸಾಲದು.

ಹಾಗಾದರೆ ತಿದ್ದುವುದೇ ಬೇಡ್ವಾ? ಬೇಕು. ಚುಕ್ಕಿ ಅಜ್ಜಿ ಮೇಲೆ ಹಾರುತ್ತಿದ್ದಳು. ಅಜ್ಜಿಗೆ ಮಂಡಿನೋವು, ಬಿದ್ದರೆ ಕಷ್ಟ. ಈಗ ಹಾರಿದರೆ ಅಜ್ಜಿ ಗೋಡೆ ಹಿಡಿದು ಬೆನ್ನು ತಿರುಗಿಸುತ್ತಾರೆ. ಮಾತಿಲ್ಲ, ನೋಟ ಇಲ್ಲ. ನಾಲ್ಕೂ ಕಾಲು ನೆಲಕ್ಕೆ ಬಂದ ಕೂಡಲೇ ತಲೆ ಸವರುತ್ತಾರೆ. ಆಟದಲ್ಲಿ ಕೈ ಕಚ್ಚಿದರೆ ಆಟ ನಿಲ್ಲುತ್ತದೆ, ನಾನು ಅರ್ಧ ನಿಮಿಷ ರೂಮಿನಿಂದ ಹೊರಗೆ. ಅವಳಿಗೆ ಬೇಕಾದದ್ದು ನಿಂತುಹೋಗುತ್ತದೆ, ಅಷ್ಟೇ ಶಿಕ್ಷೆ. ಆದರೆ ಮನೆಯವರೆಲ್ಲ ಒಂದೇ ಥರ ಇರಬೇಕು. ನಮ್ಮ ಮಾವ ಬಂದಾಗಲೆಲ್ಲ ಹಾರಿಸಿ ಮುದ್ದು ಮಾಡುತ್ತಿದ್ದರು. ಯಾವಾಗಲೋ ಒಮ್ಮೆ ಸಿಗುವ ಬಹುಮಾನಕ್ಕೆ ನಾಯಿ ಇನ್ನೂ ಜಾಸ್ತಿ ಪ್ರಯತ್ನ ಪಡುತ್ತದೆ. ಮಾವನನ್ನು ಒಪ್ಪಿಸಿದ್ದೇ ದೊಡ್ಡ ಕೆಲಸ.

ಕುತ್ತಿಗೆ ಬಿಗಿಯುವ ಚೈನ್ ಬಗ್ಗೆ ಹೇಳಲೇಬೇಕು. ಒಬ್ಬ ತರಬೇತುದಾರರು ಹೇಳಿದರು ಅಂತ ಹಾಕಿದ್ದೆ. ಬೇರೆ ನಾಯಿ ಕಂಡು ಬೊಗಳಿದರೆ ಒಂದು ಜಗ್ಗು. ಎರಡು ವಾರದಲ್ಲಿ ಬೊಗಳುವುದು ಜಾಸ್ತಿಯೇ ಆಯಿತು. ಅವಳ ಲೆಕ್ಕದಲ್ಲಿ ನಾಯಿ ಕಂಡಾಗಲೆಲ್ಲ ಕುತ್ತಿಗೆ ನೋಯುತ್ತದೆ, ಅಂದರೆ ಆ ನಾಯಿಯೇ ಕೆಟ್ಟದ್ದು. ಈಗ ಎದೆಗೆ ಹಾಕುವ ಹಾರ್ನೆಸ್. ದೂರದಲ್ಲಿ ನಾಯಿ ಕಂಡರೆ, ಅವಳು ಬೊಗಳುವ ಮೊದಲೇ ಒಂದು ಚೂರು.

ಇನ್ನೊಂದು ಮಾತು, ದಯವಿಟ್ಟು ಕೇಳಿ. ತಟ್ಟೆ ಹತ್ತಿರ ಹೋದಾಗ ನಾಯಿ ಗುರ್ ಅಂದರೆ ಹೊಡೆಯಬೇಡಿ. ಅದು ಎಚ್ಚರಿಕೆ ಕೊಡುತ್ತಿದೆ. ಹೊಡೆದು ಆ ಸದ್ದು ನಿಲ್ಲಿಸಿದರೆ ಭಯ ಹೋಗುವುದಿಲ್ಲ, ಎಚ್ಚರಿಕೆ ಮಾತ್ರ ಹೋಗುತ್ತದೆ. ಆಮೇಲೆ ಸೀದಾ ಕಚ್ಚಬಹುದು. ನಾವು ದೂರದಿಂದಲೇ ತಟ್ಟೆ ಕಡೆಗೆ ಕೋಳಿ ಚೂರು ಎಸೆದು ಸುಮ್ನೆ ಹೋಗುತ್ತಿದ್ದೆವು. ದಿನಕ್ಕೆ ಸ್ವಲ್ಪ ಹತ್ತಿರ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಇದನ್ನು ನೀವೇ ಮಾಡಬೇಡಿ, ವೆಟ್ ಡಾಕ್ಟರನ್ನು ಕೇಳಿ.

ಗೇಟಿನ ಬೆಲ್ ಹೊಡೆದರೆ ಈಗಲೂ ಓಡುತ್ತಾಳೆ, ಈಗಲೂ ಬೊಗಳುತ್ತಾಳೆ. ಕೇಳಿಸಿತಾ? ಹಾಲಿನವರು ಬಂದರು. ಇರಿ, ಕೋಳಿ ಡಬ್ಬಿ ತರುತ್ತೇನೆ.