ಬೋರ್ಡು ಕಾಣದ ಮಗು

ಕೇಳುಗರಿಗೆ ನಮಸ್ಕಾರ.

ಮನೆಯಲ್ಲಿ ತಡವರಿಸದೆ ಪುಸ್ತಕ ಓದುವ ಮಗು, ಶಾಲೆಯಿಂದ ಮಾತ್ರ ಬೋರ್ಡಿನ ಲೆಕ್ಕವನ್ನು ತಪ್ಪುತಪ್ಪಾಗಿ ಬರೆದುಕೊಂಡು ಬರುತ್ತಿದೆಯೇ? ಬೈಯುವ ಮೊದಲು ಕಣ್ಣು ಪರೀಕ್ಷೆ ಮಾಡಿಸಿ. ಸಮೀಪದೃಷ್ಟಿ ಇರುವ ಮಕ್ಕಳಿಗೆ ಹತ್ತಿರದ್ದು ಚೆನ್ನಾಗಿಯೇ ಕಾಣುತ್ತದೆ. ಹಾಗಾಗಿ ಅಪ್ಪ ಅಮ್ಮನಿಗೆ ಅನುಮಾನ ಬರುವುದಿಲ್ಲ. ಮಗುವೂ ಬಾಯಿಬಿಟ್ಟು ಹೇಳುವುದಿಲ್ಲ. ಎಲ್ಲರಿಗೂ ಬೋರ್ಡು ಹೀಗೇ ಮಂಜುಮಂಜಾಗಿ ಕಾಣುತ್ತದೆ ಎಂದೇ ಅದು ತಿಳಿದಿರುತ್ತದೆ.

ಈ ದೋಷದಲ್ಲಿ ಸಾಮಾನ್ಯವಾಗಿ ಕಣ್ಣುಗುಡ್ಡೆ ಹಿಂದಕ್ಕೆ ತುಸು ಉದ್ದವಾಗಿ ಬೆಳೆದಿರುತ್ತದೆ. ದೂರದ ವಸ್ತುವಿನ ಬಿಂಬ ಕಣ್ಣಿನ ಹಿಂಭಾಗದ ಪರದೆಯಾದ ಅಕ್ಷಿಪಟಲದ ಮೇಲೆ ಬೀಳದೆ ಅದರ ಮುಂದೆಯೇ ಮೂಡುತ್ತದೆ. ಇದನ್ನು ಸರಿಪಡಿಸುವುದು ಮೈನಸ್ ಮಸೂರ. ಕಣ್ಣಿನ ವೈದ್ಯರ ಚೀಟಿಯಲ್ಲಿರುವ ನಂಬರಿನಿಂದ, ಕನ್ನಡಕವಿಲ್ಲದೆ ಮಗುವಿಗೆ ಎಷ್ಟು ದೂರ ಸ್ಪಷ್ಟವಾಗಿ ಕಾಣುತ್ತದೆಂದು ನೀವೇ ಲೆಕ್ಕ ಹಾಕಬಹುದು. ಒಂದು ಮೀಟರನ್ನು ಆ ಅಂಕಿಯಿಂದ ಭಾಗಿಸಿ. ಮೈನಸ್ 1 ಇದ್ದರೆ ಒಂದು ಮೀಟರು, ಮೈನಸ್ 2 ಇದ್ದರೆ ಅರ್ಧ ಮೀಟರು, ಮೈನಸ್ 4 ಇದ್ದರೆ 25 ಸೆಂಟಿಮೀಟರು. ಅದರಾಚೆಗೆ ಮಸುಕು. ಮುಂದಿನ ಬೆಂಚಿನಲ್ಲಿ ಕೂರಿಸಿದರೆ ಸಾಕು ಎನ್ನುವವರು ಇದನ್ನು ಗಮನಿಸಬೇಕು. ಬೋರ್ಡಿನಿಂದ ಎರಡು ಮೀಟರಿನಲ್ಲಿ ಕೂತರೆ ಅಕ್ಷರ ದೊಡ್ಡದಾಗಿ ಕಂಡೀತು, ಮಸುಕು ಹೋಗುವುದಿಲ್ಲ.

ಮಸುಕಿನಲ್ಲಿ ಮೊದಲು ಮರೆಯಾಗುವುದು ಸಣ್ಣ ಗುರುತುಗಳು: ದಶಮಾಂಶದ ಚುಕ್ಕೆ, ಘಾತಾಂಕ, ಒತ್ತಕ್ಷರ, ದಕಾರವನ್ನು ಧಕಾರ ಮಾಡುವ ಕೆಳಗಿನ ಸೀಳು. 3 ಹೋಗಿ 8 ಆಗುತ್ತದೆ. 2.5 ಅನ್ನು 25 ಎಂದು ಬರೆದುಕೊಂಡ ಮಗು ಮುಂದಿನ ಹಂತಗಳನ್ನೆಲ್ಲ ಸರಿಯಾಗಿ ಮಾಡಿದರೂ ಉತ್ತರ ತಪ್ಪು. ಲೆಕ್ಕ ಬರುವುದಿಲ್ಲ ಎಂಬ ಹಣೆಪಟ್ಟಿ ಅಲ್ಲಿಂದಲೇ ಶುರು, ಇದು ನಿಜಕ್ಕೂ ಅನ್ಯಾಯ. ಪಕ್ಕದವರ ನೋಟ್‌ಬುಕ್ ನೋಡಿ ಬರೆದುಕೊಳ್ಳುವಷ್ಟರಲ್ಲಿ ಮೇಷ್ಟ್ರು ಬೋರ್ಡು ಒರೆಸಿ ಮುಂದೆ ಹೋಗಿರುತ್ತಾರೆ, ವಿವರಣೆ ಕಿವಿಗೆ ಬಿದ್ದಿರುವುದೇ ಇಲ್ಲ. ಶಿಕ್ಷಕರು ಬರೆಯುತ್ತಲೇ ಗಟ್ಟಿಯಾಗಿ ಓದಿ ಹೇಳಿದರೆ, ಕನ್ನಡಕ ಬರುವವರೆಗೂ ಇಂಥ ಮಗುವಿಗೆ ದೊಡ್ಡ ಆಸರೆ.

ಶಾಲೆಯಲ್ಲೇ ಮಾಡಬಹುದಾದ ಪರೀಕ್ಷೆಯೊಂದಿದೆ. ಬೆಳಕು ಚೆನ್ನಾಗಿರುವ ಕಡೆ ಸಾಲುಸಾಲಾಗಿ ಅಕ್ಷರ ಚಿಕ್ಕದಾಗುತ್ತ ಹೋಗುವ ದೃಷ್ಟಿ ಫಲಕವನ್ನು ಮಗುವಿನ ಕಣ್ಣಿನ ಮಟ್ಟಕ್ಕೆ ತೂಗುಹಾಕಿ, ಮಗುವನ್ನು 6 ಮೀಟರ್ ದೂರ ನಿಲ್ಲಿಸಿ. ಒಂದು ಕಣ್ಣನ್ನು ಅಂಗೈಯಿಂದ ಮುಚ್ಚಿಸಿ, ಒತ್ತಬಾರದು. ಬೆರಳಿನಿಂದ ಮುಚ್ಚಿದರೆ ಸಂದಿಯಿಂದ ಇಣುಕುತ್ತಾರೆ. ಕಣ್ಣು ಕಿರಿದು ಮಾಡಲೂ ಬಿಡಬೇಡಿ, ಸಣ್ಣ ಸಂದಿಯಿಂದ ನೋಡಿದಾಗ ಮಸುಕು ಕಡಿಮೆಯಾಗಿ ದೋಷ ಮುಚ್ಚಿಹೋಗುತ್ತದೆ. ಸಾಲಿನಲ್ಲಿ ಕಾದು ನಿಂತವರು ಅಕ್ಷರಗಳನ್ನು ಬಾಯಿಪಾಠ ಮಾಡಿಬಿಡುತ್ತಾರೆ, ಅದಕ್ಕೇ ಎರಡನೆಯ ಕಣ್ಣಿಗೆ ಹಿಂದುಮುಂದಾಗಿ ಓದಿಸಿ. ಯಾವುದೇ ಒಂದು ಕಣ್ಣಿನಲ್ಲಿ 6/12 ಸಾಲನ್ನು, ಅಂದರೆ ಸರಿಯಾದ ಕಣ್ಣು 12 ಮೀಟರಿನಿಂದಲೇ ಓದಬಲ್ಲ ಸಾಲನ್ನು, 6 ಮೀಟರಿನಿಂದ ಓದಲಾಗದಿದ್ದರೂ ಕಣ್ಣಿನ ವೈದ್ಯರಲ್ಲಿಗೆ ಕಳುಹಿಸಲೇಬೇಕು. ಅಲ್ಲಿ ಹನಿ ಹಾಕಿ ಪರೀಕ್ಷಿಸಿದರೆ ಬೇಡ ಎನ್ನಬೇಡಿ. ಮಕ್ಕಳ ಕಣ್ಣಿನ ಸ್ನಾಯು ಬಿಗಿಹಿಡಿದರೆ ಮೈನಸ್ ಇರುವುದಕ್ಕಿಂತ ಹೆಚ್ಚಾಗಿ ತೋರುತ್ತದೆ, ಹನಿ ಆ ಬಿಗಿತವನ್ನು ಸಡಿಲಿಸುತ್ತದೆ.

ಕನ್ನಡಕ ಹಾಕಿದರೆ ನಂಬರು ಏರುತ್ತದೆ ಎಂಬ ಹೆದರಿಕೆ ಬೇಡ. ಏರುವುದು ಕಣ್ಣುಗುಡ್ಡೆ ಇನ್ನೂ ಉದ್ದವಾಗುವುದರಿಂದ. ಬೇಕಾದದ್ದಕ್ಕಿಂತ ಕಡಿಮೆ ನಂಬರಿನ ಕನ್ನಡಕ ಕೊಟ್ಟು ಅದನ್ನು ತಡೆಯಲಾಗದು. ಹಗಲು ಬೆಳಕಿನಲ್ಲಿ ದಿನಕ್ಕೆ ಎರಡು ಗಂಟೆಯಷ್ಟು ಹೊರಗೆ ಆಡಿದ ಮಕ್ಕಳಲ್ಲಿ ಈ ದೋಷ ಕಾಣಿಸಿಕೊಳ್ಳುವ ಸಂಭವ ಕಡಿಮೆ. ಓದುವಾಗ ಪುಸ್ತಕ ಒಂದಡಿಗಿಂತ ಹತ್ತಿರ ಬರದಿರಲಿ.

ಹೊಸ ಕನ್ನಡಕ ಹಾಕಿದಾಗ ನೆಲ ಓರೆಯಾದಂತೆ ಅನಿಸಬಹುದು. ಬಹುತೇಕ ಮಕ್ಕಳಿಗೆ ಒಂದೆರಡು ವಾರದಲ್ಲಿ ಒಗ್ಗುತ್ತದೆ, ಒಗ್ಗದಿದ್ದರೆ ಮರಳಿ ತೋರಿಸಿ. ಫ್ರೇಮು ಮೂಗಿನಿಂದ ಜಾರುತ್ತಿದ್ದರೆ ಬಿಗಿ ಮಾಡಿಸಿ, ಮಸೂರ ಕಣ್ಣಿನಿಂದ ದೂರವಾದಷ್ಟೂ ಮೈನಸ್ ನಂಬರಿನ ಬಲ ಕುಗ್ಗುತ್ತದೆ. ಆರು ತಿಂಗಳಿಂದ ಒಂದು ವರ್ಷದೊಳಗೆ ಮತ್ತೆ ಪರೀಕ್ಷೆ ಮಾಡಿಸಬೇಕು. ಅದಕ್ಕೂ ಮೊದಲೇ ಮಗು ಕನ್ನಡಕ ಹಾಕಿಕೊಂಡೇ ಕಣ್ಣು ಕಿರಿದು ಮಾಡತೊಡಗಿದರೆ ತಡಮಾಡದೆ ತೋರಿಸಿ.